ಬಣ್ಣ ಹಚ್ಚುವ ಕೆಲಸ ಶೀಟಿಗೇ ಬಿಟ್ಟಿದ್ದೇನೆ

ಬಾಕಿ ಬಿಲ್‌ಗಳ ಶೀಟ್ ನನ್ನ ಮುಂದೆ ದಿನವಿಡೀ ತೆರೆದೇ ಇರುತ್ತದೆ. ಎ ಕಾಲಂನಲ್ಲಿ ಬಿಲ್ ನಂಬರ್, ಬಿ ಪಾರ್ಟಿ ಹೆಸರು, ಸಿ ಮೊತ್ತ, ಡಿ ಕಡೇ ದಿನಾಂಕ, ಇ ದುಡ್ಡು ಬಂದ ದಿನಾಂಕ. ಇಂಥ ಶೀಟಿಗೆ ಕೈಯಿಂದ ಬಣ್ಣ ಹಚ್ಚುವವರು ಬಹಳ ಜನ ಇದ್ದಾರೆ. ಆದರೆ ಕೈಯಿಂದ ಹಚ್ಚಿದ ಬಣ್ಣ ಹಚ್ಚಿದ ದಿನಕ್ಕೆ ಮಾತ್ರ ನಿಜ. ಇವತ್ತು ಬಿಳಿಯಾಗಿರುವ ಬಿಲ್ ನಾಳೆ ಗಡುವು ದಾಟಿದರೆ ಅದನ್ನು ಕೆಂಪು ಮಾಡೋದು ಯಾರು? ಅದಕ್ಕೇ ಕಂಡೀಷನಲ್ ಫಾರ್ಮ್ಯಾಟಿಂಗ್, ಅಂದರೆ ನಾವು ಷರತ್ತು ಹೇಳಿಟ್ಟರೆ ಶೀಟೇ ಬಣ್ಣ ಹಚ್ಚಿಕೊಳ್ಳುವ ಸೌಲಭ್ಯ.

ಎಕ್ಸೆಲ್‌ನ ಹೋಮ್ ಟ್ಯಾಬ್‌ನಲ್ಲಿ ಇದರ ಬಟನ್ ಇದೆ. ಒತ್ತಿದರೆ ಇದಕ್ಕಿಂತ ಜಾಸ್ತಿ, ಅದಕ್ಕಿಂತ ಕಮ್ಮಿ ಅಂತ ರೆಡಿ ರೂಲ್‌ಗಳು ಸಿಗುತ್ತವೆ. ಅವು ಆ ಒಂದು ಸೆಲ್‌ಗೆ ಮಾತ್ರ ಬಣ್ಣ ಕೊಡುತ್ತವೆ. ನನಗೆ ಬೇಕಾಗಿದ್ದು ಇಡೀ ಸಾಲು, ಯಾಕಂದ್ರೆ ದಿನಾಂಕ ಕೆಂಪಾದರೆ ಸಾಲದು, ಅದು ಯಾರ ಬಿಲ್, ಎಷ್ಟು ಮೊತ್ತ ಅನ್ನೋದೂ ಒಟ್ಟಿಗೇ ಕಣ್ಣಿಗೆ ಬೀಳಬೇಕು. ಅದಕ್ಕೆ ನ್ಯೂ ರೂಲ್ ಒತ್ತಿ, ಪಟ್ಟಿಯ ಕೊನೆಯಲ್ಲಿರುವ ಫಾರ್ಮುಲಾ ಆಯ್ಕೆಗೆ ಹೋಗಬೇಕು. ಎ2ರಿಂದ ಶುರುಮಾಡಿ ಪೂರ್ತಿ ಟೇಬಲ್ ಸೆಲೆಕ್ಟ್ ಮಾಡಿಕೊಂಡು ಹೀಗೆ ಬರೆದರೆ ಆಯಿತು (ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ):

=$ಡಿ2<ಟುಡೇ()

ಡಿಯಲ್ಲಿರುವ ಕಡೇ ದಿನಾಂಕ ಇವತ್ತಿಗಿಂತ ಹಿಂದಿನದಾದರೆ ಬಣ್ಣ ಹಚ್ಚು ಅಂತ ಇದರ ಅರ್ಥ. ಆ ಡಾಲರ್ ಚಿಹ್ನೆಯಲ್ಲೇ ಎಲ್ಲ ಇರೋದು. ಡಿ ಮುಂದೆ ಡಾಲರ್ ಇದೆ, 2ರ ಮುಂದೆ ಇಲ್ಲ. ಅಂದರೆ ಕಾಲಂ ಅಲುಗಾಡಬಾರದು, ಸಾಲು ಮಾತ್ರ ಕೆಳಗೆ ಇಳಿಯುತ್ತಾ ಹೋಗಬೇಕು. ಡಾಲರ್ ತೆಗೆದುಬಿಟ್ಟರೆ ಎ ಕಾಲಂ ಡಿಯನ್ನು ನೋಡುತ್ತದೆ, ಬಿ ಕಾಲಂ ಇಯನ್ನು ನೋಡುತ್ತದೆ, ಹೀಗೆ ಒಂದೊಂದೂ ಪಕ್ಕಕ್ಕೆ ಜಾರಿ ಬಣ್ಣ ಎಲ್ಲೆಲ್ಲೋ ಬೀಳುತ್ತದೆ. 2ರ ಮುಂದೆಯೂ ಡಾಲರ್ ಹಾಕಿದರೆ ಮೊದಲ ಬಿಲ್ಲಿಗೆ ಏನಾಗುತ್ತದೋ ಅದೇ ಎಲ್ಲಾ ಸಾಲಿಗೂ. ಇನ್ನು ಸೆಲೆಕ್ಷನ್ 2ನೇ ಸಾಲಿಂದ ಶುರುವಾಗಿ ಫಾರ್ಮುಲಾದಲ್ಲಿ 1 ಅಂತಿದ್ದರೆ, ಬಣ್ಣ ಸರಿಯಾಗಿ ಒಂದು ಸಾಲು ಕೆಳಗೆ ಕೂರುತ್ತದೆ. ಬಣ್ಣ ಬಂದಿದೆ, ಜಾಗ ಮಾತ್ರ ತಪ್ಪಿದೆ ಅನ್ನಿಸಿದಾಗ ನಾನು ಮೊದಲು ನೋಡೋದು ಈ ನಂಬರನ್ನೇ. ಆ ಬಾಕ್ಸಿನಲ್ಲಿ ತಿದ್ದುವಾಗ ಬಾಣದ ಕೀ ಒತ್ತಿದರೆ ಕರ್ಸರ್ ಸರಿಯೋದಿಲ್ಲ, ಯಾವುದೋ ಸೆಲ್ ಹೆಸರು ಬಂದು ತೂರಿಕೊಳ್ಳುತ್ತದೆ. ಎಫ್2 ಕೀ ಒಮ್ಮೆ ಒತ್ತಿದರೆ ಈ ಕಾಟ ತಪ್ಪುತ್ತದೆ.

ಆದರೆ ಆ ಫಾರ್ಮುಲಾ ಅಷ್ಟಕ್ಕೇ ಬಿಟ್ಟರೆ ಕೆಳಗಿನ ಖಾಲಿ ಸಾಲುಗಳೆಲ್ಲ ಕೆಂಪಾಗುತ್ತವೆ. ಎಕ್ಸೆಲ್‌ಗೆ ದಿನಾಂಕ ಅಂದರೆ ಬರೀ ಒಂದು ಸಂಖ್ಯೆ. 1900ರ ಜನವರಿ 1ಕ್ಕೆ 1, ಅಲ್ಲಿಂದ ದಿನಕ್ಕೊಂದು ಹೆಚ್ಚು. ಖಾಲಿ ಸೆಲ್ ಅದರ ಲೆಕ್ಕದಲ್ಲಿ ಸೊನ್ನೆ. ಸೊನ್ನೆ ಇವತ್ತಿಗಿಂತ ಚಿಕ್ಕದೇ ಅಲ್ವಾ?

ಇದು ಕಣ್ಣಿಗೆ ಕಾಣುವ ತೊಂದರೆ, ಹಾಗಾಗಿ ಅಪಾಯ ಕಮ್ಮಿ. ಕಾಣದೇ ಇರೋದು ಇನ್ನೊಂದಿದೆ. ಬೇರೆ ಸಾಫ್ಟ್‌ವೇರ್‌ನಿಂದ ಬಂದ ದಿನಾಂಕಗಳು ಎಷ್ಟೋ ಸಲ ಟೆಕ್ಸ್ಟ್ ಆಗಿ ಬಂದಿರುತ್ತವೆ. ನೋಡೋಕೆ ದಿನಾಂಕದ ಥರವೇ ಇರುತ್ತವೆ, ಸೆಲ್‌ನ ಎಡಕ್ಕೆ ಅಂಟಿಕೊಂಡಿರೋದೊಂದೇ ಗುರುತು. ಹೋಲಿಸುವಾಗ ಎಕ್ಸೆಲ್ ಟೆಕ್ಸ್ಟನ್ನು ಯಾವತ್ತೂ ಸಂಖ್ಯೆಗಿಂತ ದೊಡ್ಡದು ಅಂತಲೇ ಲೆಕ್ಕ ಹಾಕುತ್ತದೆ. ಹಾಗಾಗಿ ಅಂಥ ಬಿಲ್ ಎಷ್ಟು ವರ್ಷ ಹಳೆಯದಾದರೂ ಕೆಂಪಾಗೋದೇ ಇಲ್ಲ, ಬೆಳ್ಳಗೆ ಸುಮ್ನೆ ಕೂತಿರುತ್ತದೆ, ನಾವು ಎಲ್ಲ ಸರಿ ಇದೆ ಅಂದುಕೊಂಡು ಮುಂದೆ ಹೋಗುತ್ತೇವೆ.

ಇದನ್ನೆಲ್ಲ ರೂಲ್ ಒಳಗೇ ತುರುಕಬಹುದು. ನಾನು ತುರುಕೋದಿಲ್ಲ. ಎಫ್ ಅಂತ ಒಂದು ಕಾಲಂ ಜಾಸ್ತಿ ಮಾಡಿ, ಯೋಚನೆ ಎಲ್ಲ ಅಲ್ಲಿ ಒಂದು ಇಫ್ ಫಾರ್ಮುಲಾದಲ್ಲಿ ಬರೆದಿದ್ದೇನೆ. ಬಿಲ್ ನಂಬರೇ ಇಲ್ಲದಿದ್ದರೆ ಖಾಲಿ. ದುಡ್ಡು ಬಂದ ದಿನಾಂಕ ಇದ್ದರೆ ‘ಬಂದಿದೆ’. ಡಿಯಲ್ಲಿರೋದು ಸಂಖ್ಯೆ ಅಲ್ಲ ಅಂತ ಇಸ್‌ನಂಬರ್ ಫಂಕ್ಷನ್ ಹೇಳಿದರೆ ‘ದಿನಾಂಕ ನೋಡಿ’. ಗಡುವು ದಾಟಿದ್ದರೆ ‘ತಡ’. ಇನ್ನು 7 ದಿನದೊಳಗೆ ಇದ್ದರೆ ‘ಈ ವಾರ’. ರೂಲ್‌ಗೆ ಉಳಿದ ಕೆಲಸ ಇಷ್ಟೇ: ಎಫ್‌ನಲ್ಲಿ ‘ತಡ’ ಅಂತಿದ್ದರೆ ಸಾಲಿಗೆ ತೆಳು ಕೆಂಪು, ‘ಈ ವಾರ’ ಅಂತಿದ್ದರೆ ತೆಳು ಹಳದಿ, ‘ದಿನಾಂಕ ನೋಡಿ’ ಅಂತಿದ್ದರೆ ನೇರಳೆ. ಬಂದ ಬಿಲ್ಲಿಗೆ ಹಸಿರು ಯಾಕೆ ಇಲ್ಲ ಅಂತ ಕೇಳುತ್ತಾರೆ. ಅದರಲ್ಲಿ ನಾನು ಮಾಡೋಕೆ ಏನೂ ಉಳಿದಿಲ್ಲ, ಮತ್ತೆ ಕಣ್ಣು ಯಾಕೆ ಅಲ್ಲಿಗೆ ಹೋಗಬೇಕು?

ಇದರ ದೊಡ್ಡ ಲಾಭ ಬೇರೆ. ಬಣ್ಣವನ್ನು ಎಣಿಸೋಕೆ, ಕೂಡೋಕೆ ಎಕ್ಸೆಲ್‌ನಲ್ಲಿ ರೆಡಿ ಫಂಕ್ಷನ್ ಇಲ್ಲ. ‘ಕೆಂಪಾಗಿರೋದರ ಮೊತ್ತ ಎಷ್ಟು’ ಅಂತ ಯಾರಾದರೂ ಕೇಳಿದರೆ ಬಣ್ಣ ನಂಬಿಕೊಂಡವರು ಫಿಲ್ಟರ್ ಹಾಕಿಕೊಂಡು ಒದ್ದಾಡಬೇಕು. ನನ್ನ ಶೀಟಲ್ಲಿ ಎಫ್‌ನಲ್ಲಿ ‘ತಡ’ ಅಂತ ಇರೋ ಸಾಲುಗಳ ಮೊತ್ತವನ್ನು ಒಂದು ಸಮ್‌ಇಫ್ ಹೇಳಿಬಿಡುತ್ತದೆ. ಕಪ್ಪು ಬಿಳುಪು ಪ್ರಿಂಟ್ ತೆಗೆದರೂ ಮಾತು ಉಳಿದಿರುತ್ತದೆ. ಕೆಂಪು ಹಸಿರು ವ್ಯತ್ಯಾಸ ಕಾಣದವರೂ ಓದಬಹುದು.

ರೂಲ್ ಕಮ್ಮಿ ಇಟ್ಟುಕೊಳ್ಳೋಕೆ ಇನ್ನೊಂದು ಕಾರಣ ಕಾಪಿ ಪೇಸ್ಟ್. ಎಕ್ಸೆಲ್ 2003ರವರೆಗೆ ಒಂದು ಸೆಲ್‌ಗೆ 3 ಷರತ್ತು ಮಾತ್ರ ಹಾಕಬಹುದಿತ್ತು, 2007ರಲ್ಲಿ ಆ ಮಿತಿ ಹೋಯಿತು. ಈಗ ಸಾಲುಗಳನ್ನು ಅತ್ತಿಂದಿತ್ತ ಪೇಸ್ಟ್ ಮಾಡಿದ ಹಾಗೆಲ್ಲ ರೂಲ್ ಕೂಡ ಹಿಂದೆಯೇ ಬಂದು, ಒಂದೇ ರೂಲ್ ಹತ್ತಾರು ತುಂಡಾಗಿ ಒಡೆದುಹೋಗುತ್ತದೆ. ಮ್ಯಾನೇಜ್ ರೂಲ್ಸ್ ತೆಗೆದು, ಮೇಲಿನ ಪಟ್ಟಿಯಲ್ಲಿ ದಿಸ್ ವರ್ಕ್‌ಶೀಟ್ ಆರಿಸಿದರೆ ಈ ಜಾತ್ರೆ ಪೂರ್ತಿ ಕಾಣುತ್ತದೆ. ನಾನು ಅದನ್ನು ರಿಪೇರಿ ಮಾಡುತ್ತಾ ಕೂರೋದಿಲ್ಲ. ಎಲ್ಲ ಅಳಿಸಿ ಪೂರ್ತಿ ಟೇಬಲ್‌ಗೆ ಮೂರನ್ನೂ ಹೊಸದಾಗಿ ಬರೆಯುತ್ತೇನೆ. ಪೇಸ್ಟ್ ಮಾಡುವಾಗ ವ್ಯಾಲ್ಯೂಸ್ ಮಾತ್ರ ಅಂತ ಆರಿಸಿಕೊಂಡರೆ ಈ ಪಾಡೇ ಬೇಡ.

ಒಂದೇ ನಂಬರ್ ಎರಡು ಸಲ ಬಂದಿದೆಯಾ ಅಂತ ತೋರಿಸುವ ಡೂಪ್ಲಿಕೇಟ್ ರೂಲ್ ಚೆನ್ನಾಗಿದೆ, ಆದರೆ 16 ಅಂಕಿಯ ನಂಬರ್‌ಗಳಿಗೆ ನಂಬಬೇಡಿ. ಸಂಖ್ಯೆಯಲ್ಲಿ ಎಕ್ಸೆಲ್ ಇಟ್ಟುಕೊಳ್ಳೋದು 15 ಅಂಕಿ ಮಾತ್ರ. ಟೆಕ್ಸ್ಟ್ ಆಗಿ ಇಟ್ಟಿದ್ದರೂ, ಒಂದು ನಂಬರ್ ಎಷ್ಟು ಸಲ ಬಂದಿದೆ ಅಂತ ಎಣಿಸುವ ಕೌಂಟ್‌ಇಫ್ ಫಂಕ್ಷನ್ ಕೂಡ ಅದನ್ನು ಸಂಖ್ಯೆ ಅಂತಲೇ ಓದಿ, ಕೊನೆಯ ಅಂಕಿ ಬೇರೆ ಇದ್ದರೂ ಎರಡೂ ಒಂದೇ ಅನ್ನುತ್ತದೆ. ಅಲ್ಲಿ ನಾನು ನಂಬರನ್ನು ಟೆಕ್ಸ್ಟ್ ಆಗಿಯೇ ಇಟ್ಟು, ಸಮ್‌ಪ್ರಾಡಕ್ಟ್ ಫಂಕ್ಷನ್ ಒಳಗೆ ನೇರ ಸಮ ಚಿಹ್ನೆಯಿಂದ ಹೋಲಿಸುತ್ತೇನೆ.

ಮೊತ್ತಕ್ಕೆ ತಕ್ಕ ಉದ್ದದ ಪಟ್ಟಿಯನ್ನು ಸೆಲ್ ಒಳಗೇ ಎಳೆಯುವ ಡೇಟಾ ಬಾರ್ ನಾನು ಬಳಸೋದಿಲ್ಲ, ಐಕಾನ್ ಕೂಡ ಇಲ್ಲ. ಒಂದು ಭಾರೀ ಮೊತ್ತದ ಬಿಲ್ ಇದ್ದರೆ ಸಾಕು, ಉಳಿದ ಬಾರ್‌ಗಳೆಲ್ಲ ಮೊಂಡಾಗಿ ಒಂದೇ ಥರ ಕಾಣುತ್ತವೆ.

ಗೂಗಲ್ ಶೀಟ್ಸ್‌ನಲ್ಲಿ ಇದು ಫಾರ್ಮ್ಯಾಟ್ ಮೆನುವಿನಲ್ಲಿದೆ, ಡಾಲರ್ ಲೆಕ್ಕ ಅದೇ. ಬೇರೆ ಶೀಟಿನ ಸೆಲ್ ನೋಡಬೇಕಾದರೆ ಮಾತ್ರ ಅಲ್ಲಿ ಇನ್‌ಡೈರೆಕ್ಟ್ ಫಂಕ್ಷನ್ ಹಾಕಬೇಕು. ಲಿಬ್ರೆ ಆಫೀಸ್‌ನಲ್ಲಿ ಬಣ್ಣದ ಬದಲು ಸೆಲ್ ಸ್ಟೈಲ್ ಆರಿಸಬೇಕು, ಅದು ನನಗೆ ಇನ್ನೂ ಇಷ್ಟ, ಸ್ಟೈಲ್ ಒಂದು ಕಡೆ ಬದಲಿಸಿದರೆ ಅದನ್ನು ಬಳಸಿದ ರೂಲ್‌ಗಳೆಲ್ಲ ಹಿಂದೆಯೇ ಬದಲಾಗುತ್ತವೆ.