ಪಾನಾ ತಿರುಗಲಿಲ್ಲ, ಫ್ರೇಮನ್ನೇ ತಿರುಗಿಸಿದೆ

"ಗುಜರಿಗಿ ಹಾಕಪಾ, ಇದು ಬರಂಗಿಲ್ಲ." ಹುಬ್ಬಳ್ಳಿಯ ಮೂರು ಸೈಕಲ್ ಅಂಗಡಿಗಳಲ್ಲಿ ಇದೇ ಮಾತು ಕೇಳಿದ್ದೆ. ಆ ಎಂಟಿಬಿ (ಮೌಂಟೇನ್ ಬೈಕ್) ಈಗ ಹೊಸ ಬಾಟಮ್ ಬ್ರ್ಯಾಕೆಟ್, ಅಂದರೆ ಪೆಡಲ್ ತೋಳುಗಳ ನಡುವೆ ಫ್ರೇಮಿನೊಳಗೆ ಕೂರುವ ಬೇರಿಂಗ್ ಭಾಗ, ಹಾಕಿಕೊಂಡು ಒಂದಿಡೀ ಮಳೆಗಾಲ ದಾಟಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನವಲಗುಂದ ಕಡೆಯ ಎರಿ (ಕಪ್ಪು ಮಣ್ಣಿನ) ಹೊಲದ ದಾರಿಯಲ್ಲಿ ಮಳೆಗೆ ಸಿಕ್ಕವರಿಗೆ ಗೊತ್ತು, ಗಾಲಿ ತಿರುಗುವುದೇ ಇಲ್ಲ, ಸೈಕಲ್ಲನ್ನೇ ಹೊರಬೇಕು. ಅಂಥ ನಾಲ್ಕೈದು ಸವಾರಿ ಆದ ಮೇಲೆ ಕಟ್ ಕಟ್ ಶುರುವಾಯಿತು. ಪೆಡಲ್ ಅಂದುಕೊಂಡೆ, ಸೀಟ್ ಪೋಸ್ಟ್ ಅಂದುಕೊಂಡೆ. ಕೊನೆಗೆ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಹಿಡಿದು ಅಲ್ಲಾಡಿಸಿದರೆ ಸಡಿಲು ಹಲ್ಲಿನ ಹಾಗೆ ಆಡುತ್ತಿತ್ತು.

ಮೊದಲ ಪೆಟ್ಟು ಎಡ ಕ್ರ್ಯಾಂಕ್‌ನಲ್ಲೇ ಬಿತ್ತು. ಬೋಲ್ಟ್ ತೆಗೆದೆ, ಒಳಗೆ ಅಂಟಿದ್ದ ವಾಷರ್ ನೋಡಲಿಲ್ಲ. ಕ್ರ್ಯಾಂಕ್ ಕಳಚುವ ಪುಲ್ಲರ್, ನಡುವಿನ ದಂಡವಾದ ಸ್ಪಿಂಡಲ್ ಬದಲು ವಾಷರನ್ನೇ ಒತ್ತಿತು. ಕ್ರ್ಯಾಂಕ್‌ನ ಅಲ್ಯೂಮಿನಿಯಂ ಥ್ರೆಡ್ ಸಿಪ್ಪೆಯಂತೆ ಸುಲಿದು ಬಂತು. ಆಮೇಲೆ ಕ್ರ್ಯಾಂಕ್ ಸಡಿಲಾಗಲಿ ಅಂತ ಬೋಲ್ಟ್ ಇಲ್ಲದೆ ವಿದ್ಯಾನಗರದ ಏರಿನಲ್ಲಿ ಎದ್ದು ನಿಂತು ತುಳಿದೆ. ಮೂರನೇ ಸುತ್ತಿಗೆ ಕ್ರ್ಯಾಂಕ್ ತಾನೇ ಕಳಚಿ ಕಾಲಿಗೆ ಬಂತು. ಮೊಣಕಾಲು ತರಚಿತು, ಹೊಸ ಕ್ರ್ಯಾಂಕಿಗೆ ನಾನೂರು ಹೋಯಿತು.

ಬಾಟಮ್ ಬ್ರ್ಯಾಕೆಟ್ಟನ್ನು ಫ್ರೇಮಿಗೆ ಹಿಡಿದಿಡುವ ಥ್ರೆಡ್ ಬಳೆಗಳೇ ಕಪ್. ಎಡ ಕಪ್ ಸುಲಭವಾಗಿ ಬಂತು. ಬಲಗಡೆಯದು ಉಲ್ಟಾ ಥ್ರೆಡ್, ಗಡಿಯಾರದ ಮುಳ್ಳಿನ ಕಡೆ ತಿರುಗಿಸಿದರೆ ಬಿಚ್ಚುತ್ತದೆ ಅಂತ ನನಗೆ ಗೊತ್ತಿತ್ತು. ಆದರೆ ಸೈಕಲ್ ತಲೆಕೆಳಗೆ ನಿಲ್ಲಿಸಿದಾಗ ತಲೆಯೂ ಕೆಳಗಾಯಿತು. ಹತ್ತು ನಿಮಿಷ ಬಿಗಿ ಮಾಡುತ್ತಿದ್ದೆ! ಸರಿಯಾದ ಕಡೆ ತಿರುಗಿಸಿದಾಗ ಇನ್ನೂರು ರೂಪಾಯಿಯ ಟೂಲ್ ಜಾರಿ ಹಲ್ಲು ಕಳೆದುಕೊಂಡಿತು. ಸೀಮೆಎಣ್ಣೆ ಹಾಕಿ ಮೂರು ದಿನ ಬಿಟ್ಟೆ. ಅದರ ಜೊತೆ ಇನ್ನೊಂದು ಬೆರೆಸಿದ್ದೆ, ಅದೊಂದನ್ನು ಹೇಳುವುದಿಲ್ಲ.

ಗೋಕುಲ ರೋಡಿನ ಪರಿಚಯದ ಲೇತ್ ಶಾಪ್‌ಗೆ ಹೊತ್ತುಕೊಂಡು ಹೋದೆ. ಒಳ್ಳೆಯ ಟೂಲ್ ತಂದು, ಜಾರದ ಹಾಗೆ ಉದ್ದ ಬೋಲ್ಟ್ ಮತ್ತು ದಪ್ಪ ವಾಷರ್‌ನಿಂದ ಸ್ಪಿಂಡಲ್‌ಗೆ ಬಿಗಿದೆ. ಟೂಲನ್ನು ವೈಸ್‌ನಲ್ಲಿ ಹಿಡಿಸಿ, ಚೈನ್ ಕಡೆ ಕೆಳಗಾಗುವಂತೆ ಫ್ರೇಮ್ ಮಲಗಿಸಿದೆ. ಗಾಲಿ ತೆಗೆದ ಫ್ರೇಮೇ ಈಗ ಪಾನಾ (ಸ್ಪ್ಯಾನರ್). ಮೇಲಿಂದ ನೋಡಿದರೆ ಗಡಿಯಾರದ ಮುಳ್ಳಿನ ಹಾಗೆ ಎರಡು ಕೈಯಲ್ಲಿ ನೂಕಿದೆ. ಏನೂ ಇಲ್ಲ. ಇನ್ನೊಮ್ಮೆ ನೂಕಿದೆ. ಢಣ್! ಫ್ರೇಮ್ ಮುರೀತು ಅಂತ ಲೇತ್‌ನವರು ಓಡಿ ಬಂದರು. ಕಪ್ ಬಿಟ್ಟಿತ್ತು.

ಒಳಗಿಂದ ಅರ್ಧ ಲೋಟ ಕಪ್ಪು ನೀರು, ಒಂದು ಹಿಡಿ ಎರಿ ಮಣ್ಣು ಬಂತು. ಎಲ್ಲಿಂದ ಹೋಯಿತು? ಸೀಟ್ ಕ್ಲ್ಯಾಂಪ್ ಕೆಳಗಿನ ಸೀಳು ಹಿಂದಕ್ಕೆ ಮುಖ ಮಾಡಿದೆ, ಹಿಂದಿನ ಗಾಲಿ ಕೆಸರನ್ನು ನೇರ ಅಲ್ಲಿಗೇ ಎರಚುತ್ತದೆ. ಹಳೆಯ ಟ್ಯೂಬಿನ ತುಂಡು ಸುತ್ತಿ ಒಂದು ಚಂಬು ನೀರು ಸುರಿದು ನೋಡಿದೆ. ಒಂದು ಹನಿಯೂ ಇಳಿಯಲಿಲ್ಲ.

ಹೊಸ ಕಾರ್ಟ್ರಿಡ್ಜ್ (ಸ್ಪಿಂಡಲ್, ಬೇರಿಂಗ್ ಒಟ್ಟಿಗೇ ಬರುವ ಬಾಟಮ್ ಬ್ರ್ಯಾಕೆಟ್) ತರಿಸುವಾಗಲೂ ಎಡವಿದೆ. ಹಳೆಯದರ ಸ್ಪಿಂಡಲ್ 122.5 ಮಿಲಿಮೀಟರ್, ಅವಸರದಲ್ಲಿ 113 ತರಿಸಿದೆ. ಚಿಕ್ಕ ಚೈನ್‌ರಿಂಗ್ (ಮುಂದಿನ ಹಲ್ಲಿನ ಚಕ್ರ) ಫ್ರೇಮಿಗೆ ಉಜ್ಜಿತು. ವಾಪಸ್ ಕಳಿಸಲು ನೂರೈವತ್ತು ಹೋಯಿತು. ಸರಿಯಾದದ್ದಕ್ಕೆ ಸಾವಿರದ ನೂರು, ಟೂಲ್‌ಗಳಿಗೆ ಆರುನೂರರ ಸುಮಾರು. ಅಂಗಡಿಯವರು 'ಬಂದ್ರ ಏಳುನೂರು' ಅಂದಿದ್ದರು. ಕೆಟ್ಟ ಟೂಲ್, ಕ್ರ್ಯಾಂಕ್ ಎಲ್ಲ ಸೇರಿಸಿದರೆ ದುಡ್ಡಿನಲ್ಲಿ ಗೆದ್ದೆ ಅನ್ನಲಾರೆ.

ಎಷ್ಟು ಬಿಗಿಯಾಯಿತು ಅಂತ ಅಳೆಯುವ ಟಾರ್ಕ್ ರೆಂಚ್ ಇಲ್ಲ. ಒಂದಡಿ ಪಾನಾವನ್ನು ಅಡ್ಡ ನಿಲ್ಲಿಸಿ ತುದಿಗೆ 20 ಕಿಲೋ ಜೋಳದ ಚೀಲ ನೇತು ಹಾಕಿದೆ. ಹತ್ತಿರ ಹತ್ತಿರ 60 ನ್ಯೂಟನ್ ಮೀಟರ್ ಆಗುತ್ತದೆ, ಕಪ್ ಬಿಗಿಯಲು ಬೇಕಾದದ್ದೂ ಅಷ್ಟೇ. ಮನೆಯವಳು ನೋಡಿ ಏನೂ ಅನ್ನಲಿಲ್ಲ, ರೊಟ್ಟಿಗೆ ಜೋಳ ಮಾತ್ರ ಬೇಗ ಬೇಕು ಅಂದಳು.

ಸುಮ್ನೆ ನೋಡೋಣ ಅಂತ ಬಲ ಕಪ್ಪಿಗೆ ಗ್ರೀಸ್, ಎಡಕ್ಕೆ ನಲ್ಲಿಯವರ ಟೆಫ್ಲಾನ್ ಟೇಪ್ ಹಾಕಿದ್ದೆ. ಮಳೆ ಮುಗಿದ ಮೇಲೆ, ಒಂಬೈನೂರು ಕಿಲೋಮೀಟರ್ ಆಗಿರಬೇಕು, ಎರಡನ್ನೂ ಬಿಚ್ಚಿದೆ. ಗ್ರೀಸ್ ಕಂದಾಗಿತ್ತು, ಥ್ರೆಡ್ ಚೆನ್ನಾಗಿತ್ತು. ಟೇಪ್ ಕಡೆ ಒಣಗಿತ್ತು, ಆದರೆ ಬಿಚ್ಚುವಾಗ ಜಾಸ್ತಿ ಕಿರುಗುಟ್ಟಿತು. ಈ ಸಲ ಎರಡೂ ಕಡೆ ಗ್ರೀಸೇ ಹಾಕಿದ್ದೇನೆ.