ಪಿತ್ತಕೋಶಕ್ಕೆ ಕೊಳವೆ ಹಾಕುವ ಮುನ್ನ

ಪಿತ್ತಕೋಶದ ತೀವ್ರ ಉರಿಯೂತಕ್ಕೆ ನಿಜವಾದ ಮದ್ದು ಲ್ಯಾಪ್ರೊಸ್ಕೋಪಿಯಿಂದ ಪಿತ್ತಕೋಶವನ್ನೇ ತೆಗೆದುಹಾಕುವುದು. ಸ್ಕ್ಯಾನ್ ನೋಡುತ್ತಾ ಸೂಜಿ, ಕೊಳವೆಗಳಿಂದ ಚಿಕಿತ್ಸೆ ಮಾಡುವ ಇಂಟರ್‌ವೆನ್ಷನಲ್ ರೇಡಿಯಾಲಜಿಸ್ಟ್ ಆದ ನನ್ನ ಬಳಿಗೆ ಬರುವವರು ಅದನ್ನು ತಾಳಲಾರದವರು: ಹೃದಯ ಸೋತ ಹಿರಿಯರು, ನಂಜೇರಿ ರಕ್ತದೊತ್ತಡ ಕುಸಿದವರು. ಅಂಥವರ ಪಿತ್ತಕೋಶಕ್ಕೆ ಚರ್ಮದ ಮೂಲಕ ಕೊಳವೆ ಹಾಕಿ, ಒಳಗೆ ಕಟ್ಟಿಕೊಂಡ ಪಿತ್ತವನ್ನು ಹೊರಗೆ ಹರಿಸುತ್ತೇನೆ.

ಬಲಪಕ್ಕೆಲುಬುಗಳ ನಡುವೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಅಲ್ಟ್ರಾಸೌಂಡ್ ನೋಡುತ್ತಾ ಸೂಜಿಯನ್ನು ಯಕೃತ್ತಿನ ಮೂಲಕ ಹಾಯಿಸುತ್ತೇನೆ. ನೇರವಾಗಿಯೂ ಚುಚ್ಚಬಹುದು; ಆದರೆ ಯಕೃತ್ತಿನ ಹಾದಿಯಲ್ಲಿ ಹೋದರೆ ಪಿತ್ತ ಹೊಟ್ಟೆಯೊಳಗೆ ಸೋರುವ ಭಯ ಕಡಿಮೆ. ಕಪ್ಪು ಹಸಿರಿನ, ಕೆಲವೊಮ್ಮೆ ಕೀವು ಬೆರೆತ ಪಿತ್ತ ಸಿರಿಂಜಿಗೆ ಬಂದೊಡನೆ ಒಂದಿಷ್ಟನ್ನು ಕಲ್ಚರ್‌ಗೆ, ಅಂದರೆ ಸೋಂಕಿನ ಬ್ಯಾಕ್ಟೀರಿಯಾ ಯಾವುದೆಂದು ನೋಡುವ ಪರೀಕ್ಷೆಗೆ, ಕಳಿಸುತ್ತೇನೆ. ಆಮೇಲೆ ದಾರಿ ತೋರುವ ತೆಳು ತಂತಿ (ಗೈಡ್‌ವೈರ್), ಅದರ ಮೇಲೆ 8 ಫ್ರೆಂಚ್ (ಸುಮಾರು 2.7 ಮಿ.ಮೀ. ದಪ್ಪ) ಗಾತ್ರದ ಪಿಗ್‌ಟೇಲ್ ಕೊಳವೆ. ಅದರ ತುದಿ ಒಳಗೆ ಸುರುಳಿಯಾಗಿ ಕೂತದ್ದನ್ನು ಪರದೆಯಲ್ಲಿ ಕಾಣುವವರೆಗೆ ನನಗೆ ಸಮಾಧಾನವಿಲ್ಲ.

ಜ್ವರ, ನೋವು ಬೇಗ ಇಳಿಯುತ್ತವೆ. ಕಷ್ಟ ಶುರುವಾಗುವುದು ಮನೆಗೆ ಹೋದ ಮೇಲೆ. ಮಗ್ಗುಲು ಬದಲಿಸುವಾಗ ಕೊಳವೆ ಕಿತ್ತು ಬರುತ್ತದೆ, ಇಲ್ಲವೇ ಕಟ್ಟಿಕೊಳ್ಳುತ್ತದೆ. ಕೊಳವೆ ಹಾದುಹೋದ ಹಾದಿ ಗಟ್ಟಿಯಾಗಲು ಕೆಲವು ವಾರಗಳೇ ಬೇಕು. ಆದ್ದರಿಂದ ಕೊಳವೆಗೆ ಸಲೈನ್ ಹಾಯಿಸುವುದನ್ನು ಮನೆಯವರ ಕೈಯಲ್ಲೇ ಮಾಡಿಸಿ ನೋಡದೆ ನಾನು ಯಾರನ್ನೂ ಮನೆಗೆ ಕಳಿಸುವುದಿಲ್ಲ.

ಹಾಂಗ್‌ಕಾಂಗ್ ವೈದ್ಯರ ಮುಂದಾಳತ್ವದಲ್ಲಿ ನಡೆದು 2020ರಲ್ಲಿ ಪ್ರಕಟವಾದ, 80 ರೋಗಿಗಳ ಅಧ್ಯಯನ ಇದನ್ನೇ ಅಳೆದು ತೋರಿಸಿತು. ಒಂದು ವರ್ಷದೊಳಗೆ ತೊಂದರೆ ಕಂಡದ್ದು ಚರ್ಮದ ಮೂಲಕ ಕೊಳವೆ ಹಾಕಿಸಿಕೊಂಡ ಶೇ. 77.5 ಮಂದಿಯಲ್ಲಿ; ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ (ಬಾಯಿಯಿಂದ ಇಳಿಸುವ ಕೊಳವೆಯ ತುದಿಯಲ್ಲಿನ ಅಲ್ಟ್ರಾಸೌಂಡ್) ಮೂಲಕ ಜಠರ ಅಥವಾ ಡುವೋಡಿನಮ್‌ನಿಂದ (ಸಣ್ಣ ಕರುಳಿನ ಮೊದಲ ಭಾಗ) ಪಿತ್ತಕೋಶಕ್ಕೆ ಲೋಹದ ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಶೇ. 25.6. ಅವರೆಲ್ಲ ಶಸ್ತ್ರಚಿಕಿತ್ಸೆಗೆ ಒಗ್ಗದವರು. ಮುಂದೆಯೂ ಶಸ್ತ್ರಚಿಕಿತ್ಸೆ ಸಾಧ್ಯವೇ ಇಲ್ಲದವರನ್ನು ನಾನು ಈಗ ಸಂಕೋಚವಿಲ್ಲದೆ ಗ್ಯಾಸ್ಟ್ರೋಎಂಟರಾಲಜಿಸ್ಟ್ ಬಳಿಗೆ ಕಳಿಸುತ್ತೇನೆ. ಆದರೆ ಚೇತರಿಸಿಕೊಂಡ ಮೇಲೆ ಪಿತ್ತಕೋಶ ತೆಗೆಯುವ ಯೋಚನೆಯಿದ್ದರೆ ಕೊಳವೆಯೇ ವಾಸಿ. ಸ್ಟೆಂಟ್ ಮಾಡಿದ ರಂಧ್ರವನ್ನು ಮುಚ್ಚುವ ಹೆಚ್ಚುವರಿ ಹೊರೆ ಸರ್ಜನ್ ಮೇಲೆ ಬೀಳುವುದಿಲ್ಲ. ರಕ್ತ ಹೆಪ್ಪುಗಟ್ಟದವರಿಗೆ, ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಇಆರ್‌ಸಿಪಿ (ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ ಪಿತ್ತನಾಳವನ್ನು ತಲುಪುವ ವಿಧಾನ) ಮೂಲಕ ಪಿತ್ತನಾಳದಿಂದಲೇ ಒಳಹೋಗುವ ದಾರಿ ಒಳ್ಳೆಯದು. ಆದರೆ ಅಲ್ಲಿ ಪಿತ್ತಕೋಶವನ್ನು ಪಿತ್ತನಾಳಕ್ಕೆ ಜೋಡಿಸುವ ಸಿಸ್ಟಿಕ್ ನಾಳದ ತಿರುವುಗಳನ್ನು ದಾಟುವುದೇ ಪ್ರಯಾಸ, ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯವೂ ಇದೆ.

ಕರೆ ಬಂದಾಗ ನಾನು ಮೊದಲು ಸರ್ಜನ್‌ಗೆ ಕೇಳುವುದು, 'ಶಸ್ತ್ರಚಿಕಿತ್ಸೆ ಖಂಡಿತ ಆಗುವುದಿಲ್ಲವೇ?' ಎಂದು. 2018ರ ನೆದರ್‌ಲ್ಯಾಂಡ್ಸ್ ಅಧ್ಯಯನದಲ್ಲಿ ಅಪಾಯ ಹೆಚ್ಚಿದ್ದ ರೋಗಿಗಳಲ್ಲೂ ಶಸ್ತ್ರಚಿಕಿತ್ಸೆಯಾದವರ ಪೈಕಿ ಶೇ. 12 ಮಂದಿಗೆ, ಕೊಳವೆ ಹಾಕಿಸಿಕೊಂಡವರ ಪೈಕಿ ಶೇ. 65 ಮಂದಿಗೆ ಗಂಭೀರ ತೊಂದರೆಯಾಯಿತು. ಆದರೆ ಅತ್ಯಂತ ವಿಷಮ ಸ್ಥಿತಿಯಲ್ಲಿದ್ದವರನ್ನು ಅದರಲ್ಲಿ ಸೇರಿಸಿರಲಿಲ್ಲ. ಐಸಿಯುನಲ್ಲಿ ಅಂಥವರು ಮಲಗಿದ್ದರೆ ಅಲ್ಟ್ರಾಸೌಂಡ್ ಯಂತ್ರವನ್ನು ಅವರ ಹಾಸಿಗೆಯ ಬಳಿಗೇ ತಳ್ಳಿಕೊಂಡು ಹೋಗುತ್ತೇನೆ.