ಹಿತ್ತಾಳೆ ಕಟ್ಟಿನ ಹಳೆಯ ಒಡವೆ ಪೆಟ್ಟಿಗೆಯನ್ನು ನಾನು ದುರಸ್ತಿ ಮಾಡಿದ ಬಗೆ

ನಾನು ದುರಸ್ತಿಗೆ ತೆಗೆದುಕೊಂಡ ಒಡವೆ ಪೆಟ್ಟಿಗೆ ತೇಗದ ಮರದ್ದು. ಮುಚ್ಚಳದ ಮೇಲೆ ಹಿಂದಿನ ಅಂಚಿನಿಂದ ಮುಂದಿನ ಅಂಚಿಗೆ ಹಾಯುವ ಎರಡು ಹಿತ್ತಾಳೆ ಪಟ್ಟಿಗಳು, ಅವುಗಳ ನಡುವೆ ಹಿಂಬದಿಯಿಂದ ಬಡಿದು ಉಬ್ಬಿಸಿದ ಬಳ್ಳಿ ಚಿತ್ತಾರದ ತಗಡು. ಮೂಲೆಗಳ ಡವ್‌ಟೇಲ್ ಕೂಡಿಕೆಗಳಲ್ಲಿ, ಅಂದರೆ ಪಾರಿವಾಳದ ಬಾಲದಂತೆ ಅಗಲವಾಗುವ ಹಲ್ಲುಗಳನ್ನು ಒಂದಕ್ಕೊಂದು ಸಿಕ್ಕಿಸಿದ ಕೂಡಿಕೆಗಳಲ್ಲಿ, ಒಂದು ಹಲ್ಲಿನ ಅಗಲ ಇನ್ನೊಂದಕ್ಕಿರಲಿಲ್ಲ. ಗೀಚುಗತ್ತಿಯಿಂದ ಎಳೆದ ಗುರುತಿನ ಗೆರೆಗಳು ಒಳಬದಿಯಲ್ಲಿ ಹಾಗೆಯೇ ಉಳಿದಿದ್ದವು. ಯಂತ್ರದಲ್ಲಿ ಕೊರೆದದ್ದಲ್ಲವೆನ್ನಲು ಅಷ್ಟು ಸಾಕಾಗಿತ್ತು.

ಮುಚ್ಚಳದಲ್ಲಿ ನಾರಿನ ಗುಂಟ ಉದ್ದನೆಯ ಬಿರುಕೊಂದಿತ್ತು. ಇಂಥ ಬಿರುಕನ್ನು ಕಂಡೊಡನೆ ಅದಕ್ಕೆ ಏನು ತುಂಬಬೇಕೆಂದು ಯೋಚಿಸುವುದು ಸಾಮಾನ್ಯ. ನಾನು ಮೊದಲು ನೋಡಿದ್ದು ಪಟ್ಟಿಯ ಮೊಳೆಗಳನ್ನು. ಮರವು ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಆದರೆ ಈ ಚಲನೆಯೆಲ್ಲ ನಾರಿಗೆ ಅಡ್ಡಲಾಗಿ ಮಾತ್ರ, ನಾರಿನ ಉದ್ದಕ್ಕೆ ಅದು ಲೆಕ್ಕಕ್ಕೇ ಬಾರದಷ್ಟು ಕಡಿಮೆ. 20 ಸೆಂ.ಮೀ. ಅಗಲದ ತೇಗದ ಹಲಗೆಯ ತೇವಾಂಶ ಶೇ. 4ರಷ್ಟು ಏರಿಳಿದರೆ ಅಗಲವು ಸುಮಾರು ಒಂದೂವರೆ ಮಿ.ಮೀ.ವರೆಗೂ ಬದಲಾಗಬಲ್ಲದು. ಅಷ್ಟೇ ಉದ್ದದ ಹಿತ್ತಾಳೆ ಪಟ್ಟಿಗೆ ತೇವದ ಹಂಗಿಲ್ಲ; ಉಷ್ಣತೆ 20 ಡಿಗ್ರಿ ಏರಿದರೂ ಅದು ಬೆಳೆಯುವುದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ನಾರಿಗೆ ಅಡ್ಡಲಾಗಿ ಹಾಯುವ ಪಟ್ಟಿಯ ಎರಡೂ ತುದಿಗಳನ್ನು ಬಿಗಿಯಾಗಿ ಮೊಳೆ ಹೊಡೆದು ಕೂರಿಸಿದ್ದರಿಂದ, ಕುಗ್ಗಲು ಹೊರಟ ಮರಕ್ಕೆ ಎಡೆ ಸಿಗದೆ ಅದು ಎರಡು ಮೊಳೆಗಳ ನಡುವೆ ಸೀಳಿತ್ತು. ಕಾರಣವನ್ನು ಹಾಗೆಯೇ ಬಿಟ್ಟು ಬಿರುಕನ್ನು ಮುಚ್ಚಿದ್ದರೆ ಅದರ ಪಕ್ಕದಲ್ಲೇ ಇನ್ನೊಂದು ಬಿರುಕು ಏಳುತ್ತಿತ್ತು.

ಆದ್ದರಿಂದ ಲೋಹವನ್ನೆಲ್ಲ ಮರದಿಂದ ಬಿಡಿಸುವುದೇ ಮೊದಲ ಕೆಲಸವಾಯಿತು. ಪಟ್ಟಿಯ ಕೆಳಗೆ ತೆಳ್ಳನೆಯ ಅಲಗನ್ನು ತೂರಿಸಿ, ಪ್ರತಿ ಮೊಳೆಯ ಪಕ್ಕದಲ್ಲೂ ಕೂದಲೆಳೆಯಷ್ಟು ಮೇಲೆತ್ತಿ, ಮತ್ತೆ ಮೊದಲ ಮೊಳೆಗೆ ಮರಳುತ್ತಾ ಬಿಡಿಸಿದೆ. ಒಂದೇ ಕಡೆ ಎತ್ತಿದರೆ ಹಳೆಯ ತಗಡು ಮಡಚಿಕೊಳ್ಳುತ್ತದೆ, ಆ ಮಡಿಕೆಯ ಗುರುತು ಬಡಿದರೂ ಹೋಗುವುದಿಲ್ಲ. ಕೀಲುಗಳ ಕಬ್ಬಿಣದ ತಿರುಪುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಬೆಸುಗೆ ಹಾಕುವ ಬಿಸಿ ಕಡ್ಡಿಯನ್ನು ತಲೆಯ ಮೇಲೆ ಸ್ವಲ್ಪ ಹೊತ್ತು ಇಟ್ಟು, ಆರಿದ ಮೇಲೆ ತಿರುಗಿಸಿದಾಗ ಅವು ಸಡಿಲವಾದವು. ಎಲ್ಲ ಮೊಳೆ ತಿರುಪುಗಳನ್ನೂ ಅವುಗಳ ಸ್ಥಾನದ ನಕ್ಷೆ ಬರೆದ ರಟ್ಟಿನಲ್ಲಿ ಚುಚ್ಚಿಟ್ಟೆ. ಕೈಯಿಂದ ಮಾಡಿದ ಮೊಳೆಗಳು ಅದಲುಬದಲಾದರೆ ತಮ್ಮ ತೂತುಗಳಲ್ಲಿ ಸರಿಯಾಗಿ ಕೂರುವುದಿಲ್ಲ.

ಹಿತ್ತಾಳೆಯನ್ನು ಬೆಳಗುವ ವಿಷಯದಲ್ಲಿ ನನ್ನದು ಬಿಗಿ ನಿಲುವು. ಹುಳಿ ಮತ್ತು ಉಪ್ಪು ಹಚ್ಚಿ ತಿಕ್ಕಿದರೆ ಹೊಳಪು ಬರುತ್ತದೆ, ನಿಜ. ಆದರೆ ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವಿನ ಮಿಶ್ರಣ, ಹುಳಿ ಹೆಚ್ಚು ಹೊತ್ತು ನಿಂತರೆ ಮೇಲ್ಪದರದ ಸತು ಕರಗಿ ತಾಮ್ರದ ನಸುಗೆಂಪು ಕಲೆಗಳು ಉಳಿಯುತ್ತವೆ. ಅಮೋನಿಯ ಇರುವ ಪಾಲಿಶ್ ಇನ್ನೂ ಅಪಾಯಕಾರಿ, ಏಕೆಂದರೆ ಬಡಿದು ಉಬ್ಬಿಸಿದ ತಗಡಿನೊಳಗೆ ಬಿಗಿತ ಉಳಿದಿರುತ್ತದೆ; ಅಮೋನಿಯ ತಗುಲಿದರೆ ಅಂಥ ಕಡೆಗಳಲ್ಲೇ ಸೂಕ್ಷ್ಮವಾದ ಸೀಳು ಬಿಡುತ್ತದೆ. ನಾನು ಹಸಿರು ಕಿಲುಬನ್ನು ಬಿದಿರು ಕಡ್ಡಿಯ ತುದಿಯಿಂದ ಕೆದಕಿ ತೆಗೆದು, ನುಣ್ಣನೆಯ ಸೀಮೆಸುಣ್ಣದ ಪುಡಿಯನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಕಲಸಿ ಹತ್ತಿ ಬಟ್ಟೆಯಿಂದ ಉಜ್ಜಿದೆ. ಬಳ್ಳಿಯ ಎಲೆಗಳ ಉಬ್ಬು ಮಾತ್ರ ಮಿನುಗಿದಾಗ ಕೈ ನಿಲ್ಲಿಸಿದೆ. ತಗ್ಗುಗಳಲ್ಲಿ ಕೂತ ಕಪ್ಪು ಇರುವುದರಿಂದಲೇ ಎಲೆಯ ನರಗಳು ಎದ್ದು ಕಾಣುತ್ತವೆ. ಅದನ್ನೂ ತೆಗೆದರೆ ಚಿತ್ತಾರ ಚಪ್ಪಟೆಯಾಗುತ್ತದೆ. ಕೊನೆಗೆ ತೆಳುವಾಗಿ ಮೇಣ ಸವರಿದೆ.

ಮರದ ಮೇಲಿನ ಲೇಪ ಯಾವುದೆಂದು ತಿಳಿಯಲು ಪೆಟ್ಟಿಗೆಯ ತಳದ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿಯನ್ನು ಒತ್ತಿದೆ. ಲೇಪ ಮೆತ್ತಗಾಗಿ ಅಂಟಂಟಾಯಿತು, ಅಂದರೆ ಅದು ಅರಗಿನಿಂದ ಮಾಡಿದ ಷೆಲ್ಲಾಕ್. ಆಮೇಲೆ ಸ್ಪಿರಿಟನ್ನು ಮರದ ಹತ್ತಿರಕ್ಕೂ ತರಲಿಲ್ಲ. ಮರಳು ಕಾಗದವನ್ನಂತೂ ಮುಟ್ಟಲೇ ಇಲ್ಲ; ಕಾಲ ಕೊಟ್ಟ ಬಣ್ಣ ಮರದ ಮೇಲ್ಪದರದಲ್ಲಷ್ಟೇ ಇರುತ್ತದೆ, ಉಜ್ಜಿದರೆ ಮರಳಿ ಬಾರದು.

ಬಿರುಕಿಗೆ ಪುಟ್ಟಿ ತುಂಬದೆ, ಅದೇ ದಿಕ್ಕಿಗೆ ನಾರು ಓಡುವ ತೇಗದ ಸಣ್ಣ ಎಸಳನ್ನು ಸೀಳಿ ತೆಗೆದು, ಬಿರುಕಿನ ಆಕಾರಕ್ಕೆ ಹೆರೆದು ಕೂರಿಸಿದೆ. ಅಂಟಿಗೆ ಚರ್ಮದ ಸರೇಸನ್ನು ನೀರಿನಲ್ಲಿ ನೆನೆಸಿ, ಸುಮಾರು 60 ಡಿಗ್ರಿಯಲ್ಲಿ ಬಿಸಿ ಮಾಡಿ ಬಳಸಿದೆ. ಸಡಿಲಗೊಂಡಿದ್ದ ಮೂಲೆಗೂ ಅದೇ. ಹಳೆಯ ಸರೇಸಿನ ಶೇಷದ ಮೇಲೆ ಹೊಸ ಸರೇಸು ಕರಗಿ ಒಂದಾಗುತ್ತದೆ, ಇಂದಿನ ಬಿಳಿ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಅಲ್ಲದೆ ಮುಂದೆ ಯಾರಾದರೂ ಬಿಚ್ಚಬೇಕಾದರೆ ಬಿಸಿ ಮತ್ತು ತೇವ ಸಾಕು.

ಪಟ್ಟಿಗಳನ್ನು ಮರಳಿ ಕೂರಿಸುವಾಗ ನಡುವಿನ ಮೊಳೆಯನ್ನು ಮಾತ್ರ ಬಿಗಿಯಾಗಿ ಹೊಡೆದೆ. ತುದಿಯ ತೂತುಗಳನ್ನು ಹಿಂಬದಿಯಿಂದ ಸಣ್ಣ ಅರದಲ್ಲಿ ಪಟ್ಟಿಯ ಉದ್ದಕ್ಕೆ ಅರ್ಧ ಮಿ.ಮೀ.ನಷ್ಟು ಹಿಗ್ಗಿಸಿ, ಮೊಳೆಯ ತಲೆ ಪಟ್ಟಿಯನ್ನು ಮುಟ್ಟಿಯೂ ಅದುಮದಂತೆ ನಿಲ್ಲಿಸಿದೆ. ಹಿಗ್ಗಿಸಿದ ತೂತು ತಲೆಯಡಿ ಮರೆಯಾಗುತ್ತದೆ. ಹಳೆಯ ವಸ್ತುವಿನಲ್ಲಿ ಇಷ್ಟನ್ನೂ ಬದಲಿಸಬಾರದೆನ್ನುವವರಿದ್ದಾರೆ. ಮುಚ್ಚಳ ಮತ್ತೆ ಸೀಳುವುದಕ್ಕಿಂತ ಇದು ಮೇಲೆಂಬುದು ನನ್ನ ಅಭಿಪ್ರಾಯ.

ಒಳಗಿನ ಮಖಮಲ್ಲು ಪುಡಿಯಾಗಿತ್ತು. ಅದರ ಬದಲಿಗೆ ಚೆನ್ನಾಗಿ ಒಗೆದ, ಬಣ್ಣ ಹಾಕದ ಹತ್ತಿ ಬಟ್ಟೆಯನ್ನು ತೆಳು ರಟ್ಟಿಗೆ ಸುತ್ತಿ, ಅಂಟಿಸದೆ ಒತ್ತಿ ಕೂರಿಸಿದೆ. ಉಣ್ಣೆಯ ಫೆಲ್ಟ್ ಬೇಡವೆಂದದ್ದು ಬೆಲೆಗಾಗಿ ಅಲ್ಲ: ಉಣ್ಣೆಯಲ್ಲಿ ಗಂಧಕವಿರುತ್ತದೆ, ಮುಚ್ಚಿದ ಪೆಟ್ಟಿಗೆಯೊಳಗೆ ಅದರಿಂದ ಬೆಳ್ಳಿ ಬೇಗ ಕಪ್ಪಾಗುತ್ತದೆ. ಬೀಗಕ್ಕೆ ಎಣ್ಣೆ ಬಿಟ್ಟರೆ ಅದು ಸುತ್ತಲಿನ ಮರಕ್ಕೆ ಇಳಿದು ಕಲೆ ಮಾಡುವುದರಿಂದ, ಪೆನ್ಸಿಲ್ ಸೀಸದ ಪುಡಿಯನ್ನು ಕೀಲಿಗೆ ಸವರಿ ಕೆಲವು ಸಲ ತಿರುಗಿಸಿದೆ. ನಾಲಗೆ ಸಲೀಸಾಗಿ ಹೊರಬರತೊಡಗಿತು.